ಹುಂಜ ಮಾರ್ಕಿನ ನಾಯಕತ್ವ

ಮುತ್ತುರಾಜ್ ಸಾರ್ ನಮ್ಮ ಎಣ್ಣೆ ಮಿಲ್ಲಿಗೆ ಬಂದಾಗ ಅವರ ಜೊತೆ ಒಂದು ಸೂಟ್‌ಕೇಸು, ಒಂದು ಪೇಜರು ಮತ್ತು ಏಳು ಮೌಲ್ಯಗಳು ಬಂದವು. ಸೂಟ್‌ಕೇಸು ಬಸ್‌ಸ್ಟ್ಯಾಂಡಿನ ಹಿಂದಿನ ಲಾಡ್ಜಿಗೆ ಹೋಯಿತು. ಪೇಜರಿಗೆ ಚಳ್ಳಕೆರೆಯಲ್ಲಿ ಸಿಗ್ನಲ್ಲು ಸಿಗುತ್ತಿರಲಿಲ್ಲ, ಆದರೂ ಅದು ಅವರ ಬೆಲ್ಟಿನಿಂದ ಇಳಿಯಲಿಲ್ಲ. ಮೌಲ್ಯಗಳನ್ನು ಮಾತ್ರ ದಾವಣಗೆರೆಯಲ್ಲೇ ಪ್ರಿಂಟ್ ಹಾಕಿಸಿ, ಗಾಜು ಕೂರಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

ಅವನ್ನು ಆಫೀಸಿನ ಗೋಡೆಗೆ ಹಾಕಲು ಹೋದರೆ ಮೊಳೆ ನಿಲ್ಲಲಿಲ್ಲ. ಮೂವತ್ತು ವರ್ಷ ಎಣ್ಣೆಯ ಹಬೆ ಕುಡಿದ ಗೋಡೆ ಅದು. ಕೊನೆಗೆ ಲಕ್ಷ್ಮಿಯ ಫೋಟೋ ಇದ್ದ ಹಳೇ ಮೊಳೆಗೇ ಮೌಲ್ಯಗಳನ್ನು ತಗುಲಿಸಿ, ಲಕ್ಷ್ಮಿಯನ್ನು ಬೀರುವಿನ ಮೇಲೆ ಒರಗಿಸಿದರು. ಮಿಲ್ಲಿನ ಯಜಮಾನರಾದ ಜಂಬುಲಿಂಗಪ್ಪನವರು ಬೆಳಗ್ಗೆ ಬಂದವರೇ ಚಪ್ಪಲಿ ಬಿಟ್ಟು, ಅಭ್ಯಾಸದಂತೆ ಗೋಡೆಗೆ ಕೈಮುಗಿದರು. ಮುಗಿದ ಮೇಲೆ ಕನ್ನಡಕ ಹಾಕಿಕೊಂಡು ಏನು ಬರೆದಿದೆ ಎಂದು ನೋಡಿದರು. ಮೊದಲನೆಯದು, ನಾಯಕ ಕೇಳಿಸಿಕೊಳ್ಳುತ್ತಾನೆ. ಎರಡನೆಯದು, ನಾಯಕ ಸೋಲನ್ನು ತನ್ನದೆನ್ನುತ್ತಾನೆ. ಮೂರನೆಯದು, ನಾಯಕನ ಬಾಗಿಲು ಸದಾ ತೆರೆದಿರುತ್ತದೆ.

ನಮ್ಮ ಆಫೀಸಿಗೆ ಬಾಗಿಲೇ ಇರಲಿಲ್ಲ. ಒಂದು ಪರದೆ ಇತ್ತು. ಮುತ್ತುರಾಜ್ ಸಾರ್ ಒಂದೇ ವಾರದಲ್ಲಿ ಬಡಗಿಯನ್ನು ಕರೆಸಿ ಬೇವಿನ ಮರದ ಬಾಗಿಲು ಮಾಡಿಸಿದರು. ತೆರೆದಿಡಬೇಕಾದರೆ ಮೊದಲು ಬಾಗಿಲು ಇರಬೇಕಲ್ಲ.

ಇದು ತೊಂಬತ್ತೊಂಬತ್ತನೇ ಇಸವಿಯ ಮಾತು. ಅಲ್ಲಿಯ ತನಕ ನಮ್ಮ ಶೇಂಗಾ ಎಣ್ಣೆ ತಗಡಿನ ಡಬ್ಬದಲ್ಲಿ ಅಂಗಡಿಗಳಿಗೆ ಹೋಗುತ್ತಿತ್ತು, ಅಲ್ಲಿಂದ ಜನ ತಂದ ಬಾಟ್ಲಿಗೋ ತಂಬಿಗೆಗೋ ಇಳಿಯುತ್ತಿತ್ತು. ಆಗ ಎಲ್ಲ ಕಡೆ ಪ್ಯಾಕೆಟ್ ಎಣ್ಣೆ ಬರತೊಡಗಿತ್ತು. ನಾವೂ ಪ್ಯಾಕೆಟ್ ಮಾಡಬೇಕು, ಮಾಡಿದರೆ ಸಾಲದು ಅದನ್ನು ಮಾರ್ಕೆಟಿಂಗ್ ಮಾಡಬೇಕು, ಅದಕ್ಕೊಬ್ಬ ಹೆಡ್ ಬೇಕು ಎಂದು ಯಜಮಾನರ ಅಳಿಯ ಹೇಳಿದ್ದರಿಂದ ಮುತ್ತುರಾಜ್ ಸಾರ್ ಬಂದದ್ದು.

ನಾನು ಆ ಮಿಲ್ಲಿನಲ್ಲಿ ಹನ್ನೊಂದು ವರ್ಷದಿಂದ ದಿನಗೂಲಿ. ಡಬ್ಬ ತೊಳೆಯುವುದು, ತುಂಬುವುದು, ಬೆಸುಗೆ ಹಾಕುವುದು. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮನೆಗೆ ಬಂದು ತಾನು ಎಷ್ಟು ಸೋತಿದ್ದೇನೆ ಎಂದು ಹೇಳಿ ಮಲಗುತ್ತಾನೆ. ಮಗಳು ದಿವ್ಯಾ ಆಗ ಆರನೇ ಕ್ಲಾಸು. ಹಿಂದಿನ ವರ್ಷ ಅವಳಿಗೆ ವಿಷಮಶೀತ ಜ್ವರ ಬಂದಾಗ, ಹಣೆಗೆ ಒದ್ದೆ ಬಟ್ಟೆ ಹಾಕಿ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ಡಬ್ಬ ತುಂಬಲು ಬಂದಿದ್ದೆ. ದಿನಗೂಲಿಯವರಿಗೆ ರಜೆ ಇಲ್ಲ; ಬರದಿದ್ದರೆ ಮಾರನೆ ದಿನ ಆ ಜಾಗದಲ್ಲಿ ಬೇರೆಯವಳು ಕೂತಿರುತ್ತಾಳೆ. ಕಾಯಂ ಆದವರಿಗೆ ರಜೆ ಇತ್ತು. ನನ್ನನ್ನು ಕಾಯಂ ಮಾಡುವುದಾಗಿ ಯಜಮಾನರು ನಾಲ್ಕು ಯುಗಾದಿಯಿಂದ ಹೇಳುತ್ತಿದ್ದರು. ಪಾಪ, ಮರೆತಿರಲಿಲ್ಲ; ಪ್ರತಿ ಯುಗಾದಿಗೂ ನೆನಪು ಮಾಡಿಕೊಂಡು ಹೇಳುತ್ತಿದ್ದರು.

ಮುತ್ತುರಾಜ್ ಸಾರ್ ಬಂದು ಹದಿನೈದು ದಿನಕ್ಕೆ ನನ್ನನ್ನು ಕರೆದರು.

"ರೇಣುಕಮ್ಮ, ನಿಮ್ಮೂರು ಮೊಳಕಾಲ್ಮುರು ಕಡೆಯ ಹಟ್ಟಿ ಅಂತೆ. ತೆಲುಗೂ ಬರುತ್ತಂತೆ."

"ಹೂಂ ಸಾರ್. ಸೂರಯ್ಯನಹಟ್ಟಿ."

"ಆ ಕಡೆ ಹಟ್ಟಿಗಳಲ್ಲಿ ನಮ್ಮ ಪ್ಯಾಕೆಟ್ ಇಳಿಸಬೇಕು. ಇಳಿಸಿದರೆ ನೀವು ತಾಲ್ಲೂಕು ಇನ್‌ಚಾರ್ಜ್. ಕಾಯಂ ಆರ್ಡರ್ ನಾನೇ ಟೈಪ್ ಮಾಡಿಸ್ತೀನಿ. ನಾಯಕರನ್ನು ಹುಟ್ಟಿಸೋನೇ ನಿಜವಾದ ನಾಯಕ."

ಮೂವತ್ತೈದರ ವಯಸ್ಸಿನಲ್ಲಿ ಇನ್ನೊಮ್ಮೆ ಹುಟ್ಟುವುದಕ್ಕೆ ನನ್ನದೇನೂ ತಕರಾರಿರಲಿಲ್ಲ. ಆಗಲಿ ಸಾರ್ ಎಂದೆ.

ಪ್ರತಿ ಸೋಮವಾರ ಹತ್ತರಿಂದ ಹನ್ನೊಂದು ಸತ್ಯದ ಗಂಟೆ. ಆ ಹೊತ್ತಿನಲ್ಲಿ ಯಾರು ಬೇಕಾದರೂ ನಾಯಕನಿಗೆ ಯಾವ ಸತ್ಯ ಬೇಕಾದರೂ ಹೇಳಬಹುದು. ಐವತ್ತು ನಿಮಿಷ ಸಾರ್ ಸತ್ಯದ ಮಹತ್ವದ ಬಗ್ಗೆ ಮಾತಾಡುತ್ತಿದ್ದರು. ಉಳಿದ ಹತ್ತು ನಿಮಿಷದಲ್ಲಿ ಟೀ ಬರುತ್ತಿತ್ತು. ವ್ಯಾನ್ ಓಡಿಸುವ ರಾಜಣ್ಣ ಒಂದು ಸಲ, ವ್ಯಾನಿಗೆ ಬ್ರೇಕು ಹಿಡಿಯುತ್ತಿಲ್ಲ ಎಂಬ ಸತ್ಯ ಹೇಳಿದ. ಸಾರ್ ಅವನನ್ನು ಚಪ್ಪಾಳೆ ತಟ್ಟಿ ಅಭಿನಂದಿಸಿದರು. ಬ್ರೇಕು ಹಾಗೇ ಇತ್ತು.

ಅಂಥದೇ ಒಂದು ಸೋಮವಾರ ಅವರು ಹೊಸ ಪ್ಯಾಕೆಟ್ ತೋರಿಸಿದರು. ಹೆಸರು ಸೂರ್ಯೋದಯ. ಕೆಳಗೆ, ಅರ್ಧ ಪ್ಯಾಕೆಟ್ ತುಂಬುವಷ್ಟು ದೊಡ್ಡದಾಗಿ, ಕೆಂಪು ಜುಟ್ಟು ಎತ್ತಿ, ಎದೆ ಉಬ್ಬಿಸಿ ನಿಂತ ಹುಂಜ.

"ಊರಲ್ಲಿ ಎಲ್ಲರಿಗಿಂತ ಮೊದಲು ಏಳೋದು ಯಾರು? ಹುಂಜ. ಎಲ್ಲರನ್ನೂ ಎಬ್ಬಿಸೋದು ಯಾರು? ಹುಂಜ. ಇದು ಬರೀ ಚಿತ್ರ ಅಲ್ಲ, ನನ್ನ ನಾಯಕತ್ವದ ಫಿಲಾಸಫಿ."

ರಾಜಣ್ಣ ನನ್ನ ಕಿವಿಯ ಹತ್ತಿರ ಬಾಗಿ, "ಅಕ್ಕ, ಹುಂಜ ಕೂಗೋದು ಜನ ಏಳ್ಲಿ ಅಂತ ಅಲ್ಲ. ನನ್ನ ಬಿಟ್ಟು ಇನ್ನೊಬ್ಬ ಕೂಗ್ಬಾರದು ಅಂತ" ಎಂದ.

ನನಗೆ ನಗು ಬರಲಿಲ್ಲ. ನಾವು ಮ್ಯಾಸನಾಯಕರು. ನಮ್ಮ ಹಟ್ಟಿಗಳಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಹೊಸಿಲು ದಾಟಲು ಬಿಡುವುದಿಲ್ಲ. ನಾನು ಚಳ್ಳಕೆರೆ ಸೇರಿ ಇಷ್ಟು ವರ್ಷವಾದರೂ ಸಂತೆಯಲ್ಲಿ ಕೋಳಿ ಮಂಕರಿಯ ಪಕ್ಕ ಹಾಯುವಾಗ ಸೆರಗು ಬಿಗಿ ಹಿಡಿಯುತ್ತೇನೆ. ಈ ವಿಷಯ ಚಳ್ಳಕೆರೆಯಲ್ಲಿ ಕಿರಾಣಿ ಅಂಗಡಿಯವರಿಗೆ ಗೊತ್ತು, ಬಸ್ ಕಂಡಕ್ಟರಿಗೆ ಗೊತ್ತು, ಪ್ಯಾಕೆಟ್ ಪ್ರಿಂಟ್ ಮಾಡಿದವನಿಗೂ ಗೊತ್ತಿದ್ದಿರಬೇಕು. ಯಜಮಾನರಿಗಂತೂ ಗೊತ್ತೇ ಇತ್ತು. ಅವರು ಸ್ಯಾಂಪಲ್ ನೋಡಿ ಬಣ್ಣ ಚೆನ್ನಾಗೈತೆ ಎಂದು ಬಳ್ಳಾರಿಗೆ ಹೋಗಿದ್ದರು. ಅಷ್ಟು ಓದಿದವರು ಏನೋ ಲೆಕ್ಕ ಹಾಕಿಯೇ ಹುಂಜ ಹಾಕಿಸಿರಬೇಕು ಎಂದು ಒಬ್ಬೊಬ್ಬರೂ ಅಂದುಕೊಂಡು ಸುಮ್ಮನಿದ್ದರು. ಟೀ ಬರುವ ಮುಂಚೆ ನಾನು ಎದ್ದು ನಿಂತೆ.

"ಸಾರ್, ನಮ್ಮ ಹಟ್ಟಿಗಳ ಕಡೆ ಕೋಳಿ ಆಗಲ್ಲ."

"ಆಗಲ್ಲ ಅಂದ್ರೆ? ಹವಾಮಾನ ಹೊಂದಲ್ವಾ?"

"ಸಾಕಲ್ಲ ಸಾರ್, ತಿನ್ನಲ್ಲ. ಮನೆ ಒಳಗೆ ಬಿಟ್ಕಳಲ್ಲ."

"ಓ, ಸಸ್ಯಾಹಾರಿಗಳು. ಒಳ್ಳೇದೇ ಆಯ್ತಲ್ಲ, ನಮ್ಮದೂ ಸಸ್ಯದ ಎಣ್ಣೆ."

"ಕುರಿ ತಿಂತೀವಿ ಸಾರ್."

ಅವರು ನನ್ನನ್ನು, ಆಮೇಲೆ ರಾಜಣ್ಣನನ್ನು ನೋಡಿದರು. "ಕುರಿ ತಿಂತೀರಿ, ಕೋಳಿ ತಿನ್ನಲ್ಲ. ಇದಕ್ಕೇನು ಲಾಜಿಕ್ಕು?"

"ನಮ್ಮಜ್ಜಿಗೆ ಗೊತ್ತಿತ್ತೇನೋ ಸಾರ್. ನನಗೆ ಗೊತ್ತಿರೋದು ಬರಬಾರದು ಅಂತ ಅಷ್ಟೆ."

"ರೇಣುಕಮ್ಮ, ಸಮಸ್ಯೆ ತರೋನು ಕೆಲಸಗಾರ. ಪರಿಹಾರ ತರೋನು ನಾಯಕ. ನೀವು ಯಾವುದಾಗ್ತೀರಿ?"

ಕಾಯಂ ಆಗ್ತೀನಿ ಎಂದು ಬಾಯಿಗೆ ಬಂದಿತ್ತು. "ಚಿತ್ರ ಬದಲಾಯಿಸ್ರಿ ಸಾರ್, ಅದೇ ಪರಿಹಾರ" ಎಂದೆ.

ಅವರು ಕಣ್ಣು ಮುಚ್ಚಿ ನಿಧಾನವಾಗಿ ಎರಡು ಸಲ ತಲೆಯಾಡಿಸಿದರು. ಕೇಳಿಸಿಕೊಳ್ಳುವುದು ಎಂದರೆ ಹೀಗೆ ಎಂದು ಎಲ್ಲೋ ತರಬೇತಿ ಕೊಟ್ಟಿದ್ದರಂತೆ. ಕಣ್ಣು ತೆರೆದು, "ಇಪ್ಪತ್ತು ಸಾವಿರ ಪ್ಯಾಕೆಟ್ ಪ್ರಿಂಟ್ ಆಗಿದೆ. ಚಿತ್ರ ಬದಲಾಯಿಸೋದು ಸುಲಭ, ಜನರ ಮನಸ್ಸು ಬದಲಾಯಿಸೋದೇ ಮಾರ್ಕೆಟಿಂಗ್. ನಿಮ್ಮ ಹಟ್ಟಿಯಿಂದಲೇ ಶುರು ಮಾಡೋಣ. ನಾಯಕ ಬದಲಾವಣೆಯನ್ನು ಮನೆಯಿಂದ ಶುರು ಮಾಡ್ತಾನೆ" ಎಂದರು. ಯಾರ ಮನೆಯಿಂದ ಎಂದು ಅವರ ಮೌಲ್ಯದಲ್ಲಿ ಬರೆದಿರಲಿಲ್ಲ.

ಆಗಲ್ಲ, ಬರಲ್ಲ ಎಂದುಬಿಡಬಹುದಿತ್ತು. ಹಾಗೆಂದರೆ ಇನ್ನೊಂದು ನಾಲ್ಕು ಯುಗಾದಿ. ನಾನು ರಾಜಣ್ಣನ ಜೊತೆ ಮಾತಾಡಿ ಬೇರೆ ದಾರಿ ಮಾಡಿಕೊಂಡೆ.

ಹೊರಟ ದಿನ ವ್ಯಾನಿನ ಎರಡೂ ಮಗ್ಗುಲಿಗೆ ಆಳೆತ್ತರದ ಹುಂಜ ಬರೆಸಿದ್ದರು. ಸಾರ್ ಮುಂದಿನ ಸೀಟಿನಲ್ಲಿ ಕೂತು, ಊರು ದಾಟುವ ತನಕ ನಾಯಕನಿಗೆ ಜಾಗೃತಿ ಎಷ್ಟು ಮುಖ್ಯ ಎಂದು ಹೇಳಿ, ಊರು ದಾಟಿದ ಮೇಲೆ ನಿದ್ದೆ ಹೋದರು. ಹಾನಗಲ್ ಕ್ರಾಸಿನ ಹತ್ತಿರ ರಾಜಣ್ಣ ವ್ಯಾನ್ ನಿಲ್ಲಿಸಿದ. ಇಬ್ಬರೂ ಇಳಿದು, ಶೇಂಗಾ ಚೀಲಕ್ಕೆ ಹೊದಿಸುವ ಟಾರ್ಪಾಲನ್ನು ಎರಡೂ ಕಡೆ ಬಿಟ್ಟು ಹಗ್ಗ ಬಿಗಿದೆವು. ಹುಂಜ ಕಾಣದಾಯಿತು. ಪ್ಯಾಕೆಟ್‌ಗಳಿಗೂ ಉಪಾಯ ಇತ್ತು. ಹೆಂಗಸರಿಗೆ ಪಾತ್ರೆ ತರಲು ಹೇಳುವುದು, ವ್ಯಾನಿನ ಒಳಗೇ ಪ್ಯಾಕೆಟ್ ಕತ್ತರಿಸಿ ಪಾತ್ರೆಗೆ ಸುರಿದುಕೊಡುವುದು, ಖಾಲಿ ಕವರನ್ನು ನಮ್ಮ ಗೋಣಿಗೆ ತುರುಕುವುದು. ಎಣ್ಣೆ ಹಟ್ಟಿಗೆ, ಹುಂಜ ಗೋಣಿಗೆ.

ಹಿಂದುಗಡೆ ಕತ್ತಲಲ್ಲಿ, ಪ್ಯಾಕೆಟ್ ಪೆಟ್ಟಿಗೆಗಳ ನಡುವೆ, ಸಾರ್ ಬೆಳಗ್ಗೆ ತಾವೇ ತಂದಿಟ್ಟ ಒಂದು ಮುಚ್ಚಿದ ಬುಟ್ಟಿ ಇತ್ತು. ಪ್ಯಾಕೆಟ್ ಜೊತೆ ಕೊಡುವ ಉಡುಗೊರೆಯ ಚಮಚಗಳಿರಬೇಕು ಎಂದುಕೊಂಡಿದ್ದೆ. ದಾರಿಯಲ್ಲಿ ಎರಡು ಸಲ ಏನೋ ಕೊಕ್ ಕೊಕ್ ಎಂದಂತಾಯಿತು. ಫ್ಯಾನ್ ಬೆಲ್ಟು ಎಂದ ರಾಜಣ್ಣ.

ಹಟ್ಟಿಯ ಮುಳ್ಳುಬೇಲಿಯ ಬಾಯಲ್ಲಿ ನಮ್ಮ ದೊಡ್ಡಪ್ಪ ಗಾದ್ರಪ್ಪ ಕೂತಿದ್ದ. ಹಟ್ಟಿಗೆ ಹಿರಿಯ, ಅವನು ಹೂಂ ಎನ್ನದೆ ಹೊರಗಿನ ಗಾಡಿ ಒಳಗೆ ಹೋಗುವುದಿಲ್ಲ. ವ್ಯಾನನ್ನು ಒಂದು ಸುತ್ತು ಬಂದ. ಟಾರ್ಪಾಲ್ ಮುಟ್ಟಿ ನೋಡಿದ.

"ಇದ್ಯಾಕೆ ರೇಣುಕಿ, ಗಾಡೀಗೆ ಚಳೀನಾ?"

"ಬಣ್ಣ ಹೊಸದು ದೊಡ್ಡಪ್ಪ. ಧೂಳು ಹಿಡೀತೈತೆ ಅಂತ."

ಅವನು ನನ್ನ ಮುಖ ನೋಡಿದ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ದೊಡ್ಡಪ್ಪನಿಗೆ ಹೇಳಿ ಅಭ್ಯಾಸವಿರಲಿಲ್ಲ. "ನಮ್ಮ ಹುಡುಗಿ ತಂದ ಗಾಡಿ, ಬಿಡ್ರಿ" ಎಂದು ಬೇಲಿಯ ಅಡ್ಡಗೋಲು ಸರಿಸಿದ.

ಒಂದು ಗಂಟೆ ಎಲ್ಲವೂ ಚೆನ್ನಾಗಿ ನಡೆಯಿತು. ಇಪ್ಪತ್ತು ಇಪ್ಪತ್ತೈದು ಹೆಂಗಸರು ತಂಬಿಗೆ, ಕ್ಯಾನು, ಕಂಚಿನ ಪಾತ್ರೆ ಹಿಡಿದು ಸಾಲು ನಿಂತರು. ನಾನು ಕತ್ತರಿಸಿದೆ, ರಾಜಣ್ಣ ಸುರಿದ. ನನ್ನ ಅವ್ವ ಮುದ್ದಕ್ಕ ಎರಡು ಪಾತ್ರೆ ತಂದು, ಬೆರಳಲ್ಲಿ ಎಣ್ಣೆ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡು, "ಕಲಬೆರಕೆ ಇಲ್ಲ ಬಿಡು, ನನ್ನ ಮಗಳು ತುಂಬಿದ್ದು" ಎಂದು ಪಕ್ಕದವಳಿಗೆ ಹೇಳಿದಳು. ಆರ್ಡರು ಟೈಪಾಗುವ ಸದ್ದು ನನ್ನ ಕಿವಿಗೆ ಕೇಳಿದಂತಿತ್ತು.

ಆಗ ಮುತ್ತುರಾಜ್ ಸಾರ್ ಎಚ್ಚರಾದರು.

ಸಾಲು ನೋಡಿ ಅವರಿಗೆ ಬಹಳ ಸಂತೋಷವಾಯಿತು. ಮನಸ್ಸು ಬದಲಾಯಿತಲ್ಲ ಎಂದು ನನ್ನ ಬೆನ್ನು ತಟ್ಟಿದರು. ಊರಿನ ಹಿರಿಯರನ್ನು ಸನ್ಮಾನಿಸಬೇಕು, ಸ್ಥಳೀಯ ನಾಯಕತ್ವವನ್ನು ಗೌರವಿಸುವುದು ತಮ್ಮ ಐದನೇ ಮೌಲ್ಯ ಎಂದರು. ದೊಡ್ಡಪ್ಪನನ್ನು ಬೇವಿನ ಕಟ್ಟೆಯ ಮೇಲೆ ನಿಲ್ಲಿಸಿ ಶಾಲು ಹೊದಿಸಿದರು. ಜನ ಸುತ್ತ ಸೇರಿದರು. ಆಮೇಲೆ ವ್ಯಾನಿನ ಹಿಂದಕ್ಕೆ ಹೋಗಿ ಆ ಬುಟ್ಟಿ ತಂದು, "ನಮ್ಮ ಕಂಪನಿಯ ಸಂಕೇತ, ನಿಮ್ಮ ನಾಯಕತ್ವಕ್ಕೆ" ಎಂದು ಮುಚ್ಚಳ ತೆಗೆದು, ಜೀವಂತ ಹುಂಜವನ್ನು ಎರಡೂ ಕೈಯಲ್ಲಿ ಎತ್ತಿ ದೊಡ್ಡಪ್ಪನ ಮುಂದೆ ಹಿಡಿದರು.

ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ. ಸಾರ್ ಅದನ್ನು ವಿನಯ ಎಂದು ತಿಳಿದರು. "ಪರವಾಗಿಲ್ಲ ತಗೊಳಿ, ತಗೊಳಿ" ಎಂದು ಎರಡು ಹೆಜ್ಜೆ ಮುಂದೆ ಹೋದರು. ಹುಂಜ ಅವರ ಮುಂಗೈ ಪರಚಿ, ದೊಡ್ಡಪ್ಪನ ಹೊಸ ಶಾಲಿನ ಮೇಲೆ ಕಾಲೂರಿ, ಹಾರಿತು. ಅದಕ್ಕೂ ನಾಯಕತ್ವದ ಗುಣವಿತ್ತು. ಯಾರನ್ನೂ ಕೇಳದೆ, ಎಲ್ಲಿಗೆ ಎಂದು ತನಗೂ ಗೊತ್ತಿಲ್ಲದೆ, ಎಲ್ಲರಿಗಿಂತ ಮುಂದೆ ಓಡಿತು. ಕಟ್ಟೆ ದಾಟಿ, ಒರಳುಕಲ್ಲು ದಾಟಿ, ನಮ್ಮ ಅವ್ವನ ಮನೆಯ ಹೊಸಿಲು ದಾಟಿ ಒಳಗೆ ಹೋಯಿತು.

"ಕೋಡಿ ಇಂಟ್ಲೋಕಿ ಪೋಯಿಂದೇ" ಎಂದು ಸಾಲಿನಲ್ಲಿದ್ದ ಒಬ್ಬ ಮುದುಕಿ ಮೆಲ್ಲಗೆ ಹೇಳಿದಳು. ಕೋಳಿ ಮನೆಯೊಳಗೇ ಹೋಯಿತಲ್ಲ ಎಂದು. ಅದಾದ ಮೇಲೆ ಯಾರೂ ಮಾತಾಡಲಿಲ್ಲ. ಒಳಗೆ ಮಡಕೆ ಉರುಳಿದ ಸದ್ದು ಕೇಳಿತು. ಒಳಮನೆಯ ಮೂಲೆಯಲ್ಲಿ ನಮ್ಮ ದೇವರ ಪೆಟ್ಟಿಗೆ ಇತ್ತು. ಆ ಕಡೆಯಿಂದ ರೆಕ್ಕೆ ಬಡಿದ ಸದ್ದು ಬಂತು.

ಹಟ್ಟಿಯವರು ಯಾರೂ ಅದನ್ನು ಮುಟ್ಟುವಂತಿಲ್ಲ. ರಾಜಣ್ಣ ಅವ್ವನಿಗೆ ಕೈಮುಗಿದು, ಚಪ್ಪಲಿ ಬಿಟ್ಟು ಒಳಗೆ ಹೋದ. ಬಹಳ ಹೊತ್ತಾದ ಮೇಲೆ ತಲೆತುಂಬ ಮಸಿ ಮಾಡಿಕೊಂಡು, ಹುಂಜವನ್ನು ತಲೆಕೆಳಗಾಗಿ ಹಿಡಿದು ಹೊರಗೆ ಬಂದ.

"ಇವರೆಲ್ಲ ಯಾಕೆ ಸುಮ್ಮನಾದರು?" ಎಂದು ಸಾರ್ ನನ್ನನ್ನು ಕೇಳಿದರು.

"ಅವತ್ತು ಹೇಳಿದ್ನಲ್ಲ ಸಾರ್."

"ನೀವು ಚಿತ್ರದ ಬಗ್ಗೆ ಹೇಳಿದ್ದು."

ಹಟ್ಟಿಯ ಗಂಡಸರು ಹತ್ತಿರ ಬಂದರು. ಒಬ್ಬ ಟಾರ್ಪಾಲಿನ ಹಗ್ಗ ಬಿಚ್ಚಿ ಎತ್ತಿದ. ಆಳೆತ್ತರದ ಹುಂಜ ಎದೆ ಉಬ್ಬಿಸಿ ನಿಂತಿತ್ತು. "ಈ ಗಾಡೀನ ಒಳಗೆ ಬಿಟ್ಟೋರು ಯಾರು?" ಎಂದು ಅವನು ಕೇಳಿದ್ದು ನನ್ನನ್ನು ನೋಡಿಯೇ.

"ನಾನು ಬಿಟ್ಟಿದ್ದು" ಎಂದ ದೊಡ್ಡಪ್ಪ. "ಟಾರ್ಪಾಲ್ ಎತ್ತಿ ನೋಡ್ಬೇಕಿತ್ತು, ನೋಡ್ಲಿಲ್ಲ. ತಪ್ಪು ನಂದು. ಶುದ್ಧ ಆಗೋ ತನಕ ನಾನು ಉಣ್ಣಲ್ಲ, ಪೂಜೆ ಖರ್ಚು ನಮ್ಮನೆಯಿಂದ. ಮಾತು ಮುಗೀತು." ಶಾಲು ತೆಗೆದು ನಾಲ್ಕು ಮಡಿಕೆ ಮಡಿಚಿ ಸಾರ್ ಕೈಗೆ ಕೊಟ್ಟು, "ಸಾಹೇಬ್ರೆ, ನಿಮ್ಮ ಎಣ್ಣೆ ಚೆನ್ನಾಗೈತೆ. ಹೊರಡ್ರಿ ಈಗ" ಎಂದ.

ವ್ಯಾನ್ ಹೋಯಿತು. ನಾನು ಉಳಿದೆ. ಮನೆಯೊಳಗಿದ್ದ ಮಡಕೆಗಳನ್ನೆಲ್ಲ ಹೊರಗೆ ಎಸೆದು, ಗೋಡೆ ಕೆರೆದು, ಸುಣ್ಣ ಬಳಿದು, ನೆಲ ಸಾರಿಸಿ, ಗಂಜಲ ಚಿಮುಕಿಸುವಷ್ಟರಲ್ಲಿ ಮಾರನೆ ದಿನ ಮಧ್ಯಾಹ್ನವಾಯಿತು. ಅಲ್ಲಿಯ ತನಕ ದೊಡ್ಡಪ್ಪ ಕಟ್ಟೆಯ ಮೇಲೆ ನೀರು ಕುಡಿದುಕೊಂಡು ಕೂತಿದ್ದ. ಅವ್ವ ನನ್ನ ಕೈಗೆ ಸಗಣಿ ಬುಟ್ಟಿ ಕೊಟ್ಟಳು, ಮಾತು ಕೊಡಲಿಲ್ಲ.

ಸೋಮವಾರ ಸತ್ಯದ ಗಂಟೆಗೆ ಹೋದೆ. ಸಾರ್ ಮುಂಗೈಗೆ ಬ್ಯಾಂಡೇಜ್ ಸುತ್ತಿಕೊಂಡು ನಿಂತೇ ಮಾತಾಡಿದರು.

"ನಾಯಕ ಸೋಲನ್ನು ತನ್ನದೆನ್ನುತ್ತಾನೆ. ನಾನು ಎಲ್ಲರ ಮುಂದೆ ನನ್ನ ತಪ್ಪು ಒಪ್ಕೋತೀನಿ. ರೇಣುಕಮ್ಮನವರಿಗೆ ಸ್ಥಳೀಯ ಪದ್ಧತಿ ಚೆನ್ನಾಗಿ ಗೊತ್ತಿದೆ ಅಂತ ನಂಬಿದ್ದೇ ನನ್ನ ತಪ್ಪು."

ಕೆಲವರು ಚಪ್ಪಾಳೆ ತಟ್ಟಿದರು, ಅಭ್ಯಾಸವಾಗಿತ್ತು.

ಆಮೇಲೆ ನನ್ನನ್ನು ಒಳಗೆ ಕರೆದು, ಬೇವಿನ ಬಾಗಿಲು ಮುಚ್ಚಿ, ಎರಡು ಕಾಗದ ಮುಂದಿಟ್ಟರು. ಒಂದು, ನನ್ನ ಕಾಯಂ ಆರ್ಡರು. ಟೈಪಾಗಿ, ಯಜಮಾನರ ಸಹಿಯೊಂದಕ್ಕೆ ಕಾದಿತ್ತು. ಅದರ ಮೇಲೆ ಪಿನ್ನು ಚುಚ್ಚಿದ್ದ ಇನ್ನೊಂದರಲ್ಲಿ ಹೀಗಿತ್ತು: ಹಟ್ಟಿಯ ಜನರಲ್ಲಿ ಕೋಳಿಯನ್ನು ದೂರವಿಡುವ ಪದ್ಧತಿ ಇರುವುದು ನನಗೆ ತಿಳಿದಿರಲಿಲ್ಲ, ಆದ್ದರಿಂದ ಮಾರ್ಕೆಟಿಂಗ್ ಹೆಡ್ ಅವರಿಗೆ ಮುಂಚಿತವಾಗಿ ತಿಳಿಸಲು ಆಗಲಿಲ್ಲ.

"ನಾನು ಹೇಳಿದ್ದೆ ಸಾರ್."

"ಹೇಳಿದ್ರಿ, ಆದರೆ ಪಾಸಿಟಿವ್ ಆಗಿ ಹೇಳಲಿಲ್ಲ. ನೋಡಿ, ನಾನು ನಿಮ್ಮನ್ನು ಕೈಬಿಡಲ್ಲ. ತಪ್ಪಿಂದ ಕಲಿತವರಿಗೆ ಬಡ್ತಿ ಕೊಡೋದು ನನ್ನ ತತ್ವ. ಆದರೆ ಬಡ್ತಿ ಕೊಡಬೇಕಾದರೆ ತಪ್ಪು ಇರಬೇಕಲ್ವಾ? ಗುರುವಾರ ಯಜಮಾನರು ಬಳ್ಳಾರಿಯಿಂದ ಬರ್ತಾರೆ. ಅಷ್ಟರಲ್ಲಿ ಸೈನ್ ಮಾಡಿ. ಮಾಡದಿದ್ದರೆ ಎರಡೂ ಕಾಗದ ವಾಪಸ್."

ಅಂಗಳದಲ್ಲಿ ರಾಜಣ್ಣ ಕಾದಿದ್ದ. "ಹಾಕಕ್ಕ ಸೈನು" ಎಂದ. "ಆ ಹುಂಜ ಶುಕ್ರವಾರನೇ ಸಾರಾಗೋಯ್ತು. ಇನ್ನು ಅದೇನು ಬಂದು ಸಾಕ್ಷಿ ಹೇಳಲ್ಲ."

"ನೀನು ಹೇಳ್ತೀಯಾ, ನಾನು ಹೇಳಿದ್ದೆ ಅಂತ?"

ಅವನು ವ್ಯಾನಿನ ಟೈರು ಒದ್ದು ಗಾಳಿ ನೋಡಿದ. "ನನ್ನ ಹೆಂಡ್ತಿಗೆ ಏಳು ತಿಂಗಳು ಅಕ್ಕ" ಎಂದ.

ಬುಧವಾರ ಸಂಜೆ ಮೊಳಕಾಲ್ಮುರು ಬಸ್ಸು ಹತ್ತಿ ಹಟ್ಟಿಗೆ ಹೋದೆ. ಅವ್ವನ ಮನೆಯ ಗೋಡೆ ಇನ್ನೂ ಸುಣ್ಣದ ವಾಸನೆ ಹೊಡೆಯುತ್ತಿತ್ತು. ಕಾಗದದಲ್ಲಿ ಏನಿದೆ ಎಂದು ಓದಿ ಹೇಳಿದೆ. ದೊಡ್ಡಪ್ಪನೂ ಬಂದು ಕೂತಿದ್ದ.

"ಕೋಳಿ ಆಗಲ್ಲ ಅಂತ ನಿನಗೆ ಗೊತ್ತೇ ಇರ್ಲಿಲ್ಲ ಅಂತ ಬರೀತೀಯಾ?" ಎಂದಳು ಅವ್ವ. ಹುಂಜ ಮನೆ ಹೊಕ್ಕ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. "ಹಂಗಾರೆ ನಾನು ನಿನಗೆ ಕಲಿಸಿದ್ದೇನು, ಮಣ್ಣಾ?"

"ಬರೀದಿದ್ರೆ ಕಾ‌ಯಂ ಇಲ್ಲ ಅವ್ವ."

"ಇಲ್ಲದಿದ್ರೆ ಬ್ಯಾಡ."

"ಬ್ಯಾಡ ಅನ್ನಾಕೆ ನಿನಗೇನು" ಎಂದೆ. "ದಿವ್ಯಾ ಜ್ವರದಾಗೆ ಬೀಗ ಹಾಕ್ಕಂಡು ಮಲಗಿದ್ಲು. ನೀನು ಬಂದಿದ್ಯಾ?"

ಅವ್ವ ಒಲೆಯ ಕಡೆ ತಿರುಗಿದಳು. ಹೊಸ ಮಡಕೆಯಲ್ಲಿ ಅನ್ನ ಕುದಿಯುತ್ತಿತ್ತು. ದೊಡ್ಡಪ್ಪ ಸುಣ್ಣ ಸವರಿದ ಎಲೆಯನ್ನು ಮಡಿಚಿ ದವಡೆಗಿಟ್ಟುಕೊಂಡ.

"ಹಾಕು ರೇಣುಕಿ. ಗೊತ್ತಿಲ್ಲ ಅಂತ ಕಾಗದದಾಗೆ ಬರೆದ್ರೆ ಗೊತ್ತಿರೋದು ಎಲ್ಲಿಗೆ ಹೋಗ್ತೈತೆ? ಟಾರ್ಪಾಲ್ ಕಟ್ಟಿದೋಳು ಕಾಗದಕ್ಕೆ ಯಾಕೆ ಹೆದರ್ತೀಯಾ."

ನಾನು ತಲೆ ಎತ್ತಲಿಲ್ಲ. ಅವನಿಗೆ ಬೇಲಿಯ ಬಾಯಲ್ಲೇ ಗೊತ್ತಾಗಿತ್ತು, ಧೂಳಿನ ಮಾತು ಸುಳ್ಳೆಂದು. ಗೊತ್ತಾಗಿಯೂ ಅಡ್ಡಗೋಲು ಸರಿಸಿದ್ದ.

"ನನ್ನಿಂದ ಒಂದಿನ ಉಪವಾಸ ಕೂತ್ಯಲ್ಲ ದೊಡ್ಡಪ್ಪ."

"ನನಗೆ ಹೊಟ್ಟೆ ಸರಿ ಇರ್ಲಿಲ್ಲ ಅವತ್ತು" ಎಂದ. "ಮುದ್ದಕ್ಕ, ಅನ್ನ ಆತೇನಮ್ಮ?"

ಗುರುವಾರ ಜಂಬುಲಿಂಗಪ್ಪನವರು ಬಂದರು. ಬಳ್ಳಾರಿಯ ಬಿಸಿಲಿಗೆ ಮುಖ ಕೆಂಪಾಗಿತ್ತು. ಹಟ್ಟಿಯ ಕಡೆಯಿಂದ ಒಂದು ಪ್ಯಾಕೆಟ್ಟಿಗೂ ಬೇಡಿಕೆ ಬಂದಿಲ್ಲ, ಮೊದಲು ತಗೊಳ್ಳುತ್ತಿದ್ದ ಡಬ್ಬವನ್ನೂ ಅಂಗಡಿಯವರು ಬೇಡ ಎನ್ನುತ್ತಿದ್ದಾರೆ ಎಂದು ಅವರಿಗೆ ದಾರಿಯಲ್ಲೇ ತಿಳಿದಿತ್ತು. ಮುತ್ತುರಾಜ್ ಸಾರ್ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟು, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು.

ಹನ್ನೊಂದು ವರ್ಷದಿಂದ ಕೂಲಿ ಪುಸ್ತಕದಲ್ಲಿ ರೇಣುಕಮ್ಮ ಎಂದಷ್ಟೇ ಬರೆಯುತ್ತಿದ್ದೆ. ಅವತ್ತು ಹಾಗೆ ಬರೆಯಲು ಕೈ ಬರಲಿಲ್ಲ. ನಿಧಾನವಾಗಿ, ದುಂಡಗೆ, ಕಾಗದದ ಅಂಚಿನ ತನಕ ಬರೆದೆ: ಇಂತಿ, ಮೊಳಕಾಲ್ಮುರು ತಾಲ್ಲೂಕು ಸೂರಯ್ಯನಹಟ್ಟಿಯಲ್ಲಿ ಹುಟ್ಟಿ ಬೆಳೆದ, ಮ್ಯಾಸನಾಯಕರ ಮುದ್ದಕ್ಕನ ಮಗಳು, ಹಟ್ಟಿಯ ಹಿರಿಯ ಗಾದ್ರಪ್ಪನ ತಮ್ಮನ ಮಗಳು ರೇಣುಕಮ್ಮ.

"ಇಷ್ಟುದ್ದ ಯಾಕೆ?" ಎಂದರು ಸಾರ್.

"ಕಾಯಂ ಕಾಗದ ಅಲ್ವಾ ಸಾರ್, ಪೂರ್ತಿ ವಿಳಾಸ ಇರ್ಲಿ ಅಂತ."

"ವೆರಿ ಗುಡ್. ಹೊಣೆಗಾರಿಕೆ ಅಂದ್ರೆ ಇದು" ಎಂದು ಅವರೇ ಎರಡೂ ಕಾಗದಗಳನ್ನು ಯಜಮಾನರ ಮುಂದೆ ಇಟ್ಟರು.

ಜಂಬುಲಿಂಗಪ್ಪನವರು ಕನ್ನಡಕ ಹಾಕಿಕೊಂಡು ಮೇಲಿನ ಸಾಲು ಓದಿದರು. ಕೆಳಗಿನ ಸಾಲು ಓದಿದರು. ಮತ್ತೆ ಮೇಲಿನದು ಓದಿದರು. ಅವರ ಹೊಟ್ಟೆ ಒಂದು ಸಲ ಕುಲುಕಿತು, ಮುಖ ಮಾತ್ರ ಅಲುಗಲಿಲ್ಲ. ಐವತ್ತು ವರ್ಷ ಶೇಂಗಾ ವ್ಯಾಪಾರ ಮಾಡಿದ ಮುಖ ಅದು.

"ಏನ್ರಿ ಮುತ್ತುರಾಜ್, ಈ ಹೆಣ್ಣುಮಗಳಿಗೆ ಕೋಳಿ ಆಗಲ್ಲ ಅನ್ನೋದು ಗೊತ್ತಿರ್ಲಿಲ್ವಂತೆ. ನೀವು ನಂಬಿದ್ರಾ?"

"ನನ್ನ ತಂಡದವರು ಬರೆದುಕೊಟ್ಟ ಮೇಲೆ ನಂಬಲೇಬೇಕು ಸಾರ್. ನಂಬಿಕೆ ನನ್ನ ಆರನೇ ಮೌಲ್ಯ."

ಯಜಮಾನರು ಕೆಮ್ಮಿದರು. ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ನೀರು ಕುಡಿದು, ಪೆನ್ನು ತೆಗೆದು ಆರ್ಡರಿಗೆ ಸಹಿ ಹಾಕಿ, ಅದನ್ನು ಸಾರ್ ಕೈಗೆ ಕೊಡದೆ ನೇರ ನನ್ನ ಕಡೆ ಚಾಚಿದರು.

"ಹಟ್ಟಿಯವರಿಗೆ ಮತ್ತೆ ಎಣ್ಣೆ ತಗಳ್ರಿ ಅನ್ನಾಕೆ ಆಗ್ತದಾ ನಿನಗೆ?"

"ಮೊದಲು ನಮ್ಮ ದೊಡ್ಡಪ್ಪನ್ನ ಕೇಳ್ಬೇಕು ಸಾರ್. ಅವನು ಹೂಂ ಅಂದ್ರೆ."

"ಕೇಳು. ಪ್ಯಾಕೆಟ್ ಮ್ಯಾಲೆ ಏನು ಹಾಕಿಸಾನ?"

"ಶೇಂಗಾ ಗಿಡ ಹಾಕಿಸ್ರಿ ಸಾರ್, ಬುಡದಾಗೆ ಕಾಯಿ ಇರೋದು."

ಮುತ್ತುರಾಜ್ ಸಾರ್ ಕಣ್ಣು ಮುಚ್ಚಿ ಎರಡು ಸಲ ತಲೆಯಾಡಿಸಿದರು. "ಶೇಂಗಾ ಎಣ್ಣೆಗೆ ಶೇಂಗಾ ಚಿತ್ರ. ಅದರಲ್ಲಿ ಕಾನ್ಸೆಪ್ಟ್ ಇಲ್ಲ ಸಾರ್" ಎಂದರು.

"ಎಣ್ಣೆ ಐತಲ್ಲ" ಎಂದರು ಯಜಮಾನರು.

ನಾನು ಮಸಿ ಆರುವುದಕ್ಕೂ ಕಾಯದೆ ಆರ್ಡರನ್ನು ತೆಗೆದುಕೊಂಡು ಹೊರಗೆ ಬಂದೆ. ಒಳಗೆ ಕಾನ್ಸೆಪ್ಟ್ ಎಂದರೇನು ಎಂಬ ವಿಷಯದ ಮೇಲೆ ಮಾತು ಶುರುವಾಗಿತ್ತು.